ಹೇರಿಲ್ಲದ ಬಂಡಿಗಳು: ತಗಡಿನ ವಾಹನ ಆಟಿಕೆಗಳನ್ನು ಅಳೆಯುವ ಬಗೆ

ತಗಡಿನ ಆಟಿಕೆಗಳನ್ನು ಕುರಿತ ಬರವಣಿಗೆಯಲ್ಲಿ ಬಹುಪಾಲು ಎರಡು ಅಳತೆಗೋಲುಗಳನ್ನೇ ನೆಚ್ಚಿಕೊಂಡಿದೆ. ಆಟಿಕೆ ತನ್ನ ಕಾಲದ ರೈಲನ್ನೋ ಮೋಟಾರನ್ನೋ ಎಷ್ಟು ನಿಷ್ಠೆಯಿಂದ ಹೋಲುತ್ತದೆ ಎಂಬುದು ಮೊದಲನೆಯದು. ಬಣ್ಣ ಮಾಸದೆ, ತುಕ್ಕು ಹಿಡಿಯದೆ, ಮೂಲ ಪೆಟ್ಟಿಗೆಯ ಸಮೇತ ಎಷ್ಟು ಜತನವಾಗಿ ಉಳಿದುಬಂದಿದೆ ಎಂಬುದು ಎರಡನೆಯದು. ಒಂದು ತಯಾರಕನ ದೃಷ್ಟಿ, ಇನ್ನೊಂದು ಸಂಗ್ರಾಹಕನ ದೃಷ್ಟಿ; ಆಟಿಕೆಯನ್ನು ಕೈಗೆತ್ತಿಕೊಂಡ ಮಗುವಿಗೆ ಅದರಿಂದ ಏನು ಮಾಡಲು ಸಾಧ್ಯವಾಯಿತು ಎಂಬ ಪ್ರಶ್ನೆ ಇವೆರಡರಲ್ಲಿಯೂ ಏಳುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ 1960ರ ದಶಕದವರೆಗೆ ಜರ್ಮನಿ, ಇಂಗ್ಲೆಂಡ್, ಅಮೆರಿಕ ಮತ್ತು ಜಪಾನುಗಳ ಕಾರ್ಖಾನೆಗಳು ಸಾರಿಗೆಯ ಪ್ರತಿಯೊಂದು ಹೊಸ ಸಾಧನವನ್ನೂ, ಅದು ಹಳಿಗೋ ರಸ್ತೆಗೋ ಆಕಾಶಕ್ಕೋ ಬಂದ ಕೆಲವೇ ವರ್ಷಗಳಲ್ಲಿ, ತಗಡಿನಲ್ಲಿ ಕತ್ತರಿಸಿ, ಬಣ್ಣ ಅಚ್ಚೊತ್ತಿ, ಮಕ್ಕಳ ಕೈಗೆ ಮಾರಿದವು. ಈ ದೊಡ್ಡ ರಾಶಿಯಲ್ಲಿ ಯಾವುದು ಒಳ್ಳೆಯ ಆಟಿಕೆ, ಯಾವುದು ಬರಿಯ ಒಳ್ಳೆಯ ವಸ್ತು ಎಂದು ವಿಂಗಡಿಸಲು ಮೂರನೆಯ ಅಳತೆಗೋಲೊಂದು ಬೇಕು. ಸಾರಿಗೆಯ ಮೂಲ ಉದ್ದೇಶ ಹೊರುವುದಾದ್ದರಿಂದ, ವಾಹನದ ಆಟಿಕೆ ಮಗುವಿಗೆ ಹೇರಲು, ಇಳಿಸಲು, ಬಿಚ್ಚಲು, ಜೋಡಿಸಲು ಎಷ್ಟು ಕೆಲಸ ಉಳಿಸಿಕೊಡುತ್ತದೆ ಎಂಬುದೇ ಆ ಅಳತೆಗೋಲು ಆಗಬೇಕೆಂಬುದು ಈ ಲೇಖನದ ವಾದ.

ಈ ವಾದಕ್ಕೆ ಬ್ಯಾಡಗಿ ಸೂಕ್ತವಾದ ನೆಲೆ. ಹಾವೇರಿ ಜಿಲ್ಲೆಯ ಈ ತಾಲ್ಲೂಕು ಕೇಂದ್ರ ಆಟಿಕೆಗೆ ಹೆಸರಾದ ಊರಲ್ಲ, ಮೆಣಸಿನಕಾಯಿಗೆ ಹೆಸರಾದ ಊರು. ಕಡುಗೆಂಪು ಬಣ್ಣ, ಸುಕ್ಕುಗಟ್ಟಿದ ಸಿಪ್ಪೆ ಮತ್ತು ಕಡಿಮೆ ಖಾರಕ್ಕಾಗಿ ಪ್ರಸಿದ್ಧವಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ, ಎಂದರೆ ಒಂದು ಪ್ರದೇಶದ ಹೆಸರನ್ನು ಅಲ್ಲಿನ ಉತ್ಪನ್ನಕ್ಕೆ ಕಾನೂನಿನಿಂದ ಕಾಯ್ದಿಡುವ ಹಕ್ಕು, ದೊರೆಯಿತು. ಸುಗ್ಗಿಯ ತಿಂಗಳುಗಳಲ್ಲಿ ಧಾರವಾಡ, ಗದಗ, ಬಳ್ಳಾರಿ, ರಾಯಚೂರು ಸೀಮೆಗಳಿಂದಲೂ ಆಂಧ್ರದ ಕರ್ನೂಲಿನ ಕಡೆಯಿಂದಲೂ ಚೀಲಗಳು ಬಂದು ಎಪಿಎಂಸಿ ಪ್ರಾಂಗಣದಲ್ಲಿ ಬೀಳುತ್ತವೆ, ದಲಾಲಿ ಅಂಗಡಿಗಳ ಮುಂದೆ ರಾಶಿಯಾಗುತ್ತವೆ, ಮತ್ತೆ ಚೀಲಕ್ಕೇರಿ ಲಾರಿ ಹತ್ತುತ್ತವೆ. ಈ ಸೀಮೆಗೆ ರೈಲು ಬಂದದ್ದೂ ಹೊರೆ ಸಾಗಿಸುವ ಸಾಧನವಾಗಿಯೇ. 1876–78ರ ಭೀಕರ ಬರದ ನಂತರ, ಅಭಾವದ ಕಾಲದಲ್ಲಿ ಕಾಳು ಸಾಗಿಸುವ ದಾರಿ ಇರಬೇಕೆಂಬ ಉದ್ದೇಶವನ್ನೂ ಮುಂದಿಟ್ಟುಕೊಂಡು 1882ರಲ್ಲಿ ರೂಪುಗೊಂಡ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಬ್ಬಳ್ಳಿ ಮತ್ತು ಹರಿಹರಗಳ ನಡುವೆ ಹಾಕಿದ ಮೀಟರ್ ಗೇಜ್ ಮಾರ್ಗ, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವ ಮಾರ್ಗ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಒಂದೇ ದಾರದಲ್ಲಿ ಪೋಣಿಸಿತು. ಈ ಹಳಿ ಬ್ರಾಡ್ ಗೇಜ್ ಆದದ್ದು 1990ರ ದಶಕದಲ್ಲಿ. ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರುಗಳ ಮೂಲಕ ಹಾಯುವ ಪುಣೆ–ಬೆಂಗಳೂರು ಹೆದ್ದಾರಿಯ ಕಥೆಯೂ ಲಾರಿಗಳ ಕಥೆಯೇ. ಚಕ್ಕಡಿಯಿಂದ ಲಾರಿಯವರೆಗೆ ಪ್ರತಿಯೊಂದು ವಾಹನವನ್ನೂ ಅದು ಎಷ್ಟು ಚೀಲ ಹಿಡಿಸುತ್ತದೆ ಎಂಬುದರಿಂದಲೇ ಗುರುತಿಸುವ ಊರಿನ ಕಣ್ಣಿಗೆ, ಏನನ್ನೂ ಹೇರಲಾಗದ ವಾಹನದ ಆಟಿಕೆ ಅಪೂರ್ಣವಾಗಿ ಕಾಣುವುದು ಸಹಜ.

ಈ ಆಟಿಕೆಗಳ ಗುಣದೋಷಗಳು ಬಹುಮಟ್ಟಿಗೆ ಅವುಗಳ ತಯಾರಿಕೆಯ ಕ್ರಮದಿಂದಲೇ ಹುಟ್ಟಿದವು. ಇಲ್ಲಿ ತಗಡು ಎಂದರೆ ತೆಳುವಾದ ಕಬ್ಬಿಣದ ಅಥವಾ ಉಕ್ಕಿನ ಹಾಳೆಗೆ ತುಕ್ಕು ಹಿಡಿಯದಂತೆ ತವರದ ಲೇಪ ಕೊಟ್ಟದ್ದು. ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವ ತತ್ವವೇ ಇದರ ಹಿಂದೆಯೂ ಇದೆ. ಮೊದಲ ಕಾಲದ ಆಟಿಕೆಗಳನ್ನು ಹಾಳೆಯಿಂದ ಕತ್ತರಿಸಿ, ಬೆಸುಗೆ ಹಾಕಿ, ಕೈಯಿಂದ ಬಣ್ಣ ಬಳಿಯುತ್ತಿದ್ದರು. ಈ ಕ್ರಮವನ್ನು ಬದಲಿಸಿದ್ದು ಲೋಹದ ಮೇಲಿನ ಶಿಲಾಮುದ್ರಣ. ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆದು, ನೀರು ಮತ್ತು ಜಿಡ್ಡು ಒಂದನ್ನೊಂದು ದೂರ ತಳ್ಳುವ ಗುಣವನ್ನು ಬಳಸಿ ಅಚ್ಚು ತೆಗೆಯುವ ಈ ವಿಧಾನ ಕಾಗದಕ್ಕೆ ಒಗ್ಗಿತ್ತು, ಗಡುಸಾದ ತಗಡಿಗೆ ಒಗ್ಗಿರಲಿಲ್ಲ. 1875ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾರ್ಕ್ಲೆ, ಕಲ್ಲು ಮತ್ತು ತಗಡಿನ ನಡುವೆ ಒಂದು ಉರುಳೆಯನ್ನಿಟ್ಟು, ಚಿತ್ರವನ್ನು ಮೊದಲು ಉರುಳೆಗೂ ಅಲ್ಲಿಂದ ತಗಡಿಗೂ ದಾಟಿಸುವ ಉಪಾಯಕ್ಕೆ ಪೇಟೆಂಟ್ ಪಡೆದ. ಬಿಸ್ಕತ್ತಿನ ಡಬ್ಬಿಗಳಿಗೆ ಬಣ್ಣ ತುಂಬಿದ ಈ ವಿಧಾನ ಬಹುಬೇಗ ಆಟಿಕೆಗಳಿಗೂ ಬಂತು. ಅಲ್ಲಿಂದ ಮುಂದೆ ತಗಡಿನ ಆಟಿಕೆಯ ಹುಟ್ಟು ಚಪ್ಪಟೆ ಹಾಳೆಯ ಮೇಲೆ ಆಯಿತು: ಮೊದಲು ಚಿತ್ರ ಅಚ್ಚಾಗುತ್ತದೆ, ಆಮೇಲೆ ಯಂತ್ರ ಅದನ್ನು ಕತ್ತರಿಸಿ ಉಬ್ಬು ತಗ್ಗು ಮೂಡಿಸುತ್ತದೆ, ಕೊನೆಗೆ ಅಂಚಿನಲ್ಲಿ ಬಿಟ್ಟಿರುವ ಸಣ್ಣ ಕಿವಿಗಳನ್ನು ಎದುರಿನ ಸೀಳಿನಲ್ಲಿ ತೂರಿಸಿ ಮಡಿಸಿದರೆ ಬೆಸುಗೆಯ ಹಂಗಿಲ್ಲದೆ ಬಂಡಿ ನಿಲ್ಲುತ್ತದೆ.

ಅಗ್ಗಕ್ಕೂ ಅಂದಕ್ಕೂ ಒಟ್ಟಿಗೆ ದಾರಿ ಮಾಡಿಕೊಟ್ಟ ಈ ಕ್ರಮ ಆಟಿಕೆಯ ಒಳಹೊರಗನ್ನು ಬೇರ್ಪಡಿಸಿಬಿಟ್ಟಿತು. ನಿಜವಾದ ಬಸ್ಸಿನಲ್ಲಿ ಕಿಟಕಿ ಎಂಬುದು ತೆರವು, ಬಾಗಿಲು ಎಂಬುದು ತೆರೆದು ಮುಚ್ಚುವ ಅಂಗ, ಪ್ರಯಾಣಿಕ ಹತ್ತಿ ಇಳಿಯುವವನು. ಚಪ್ಪಟೆ ಹಾಳೆಯ ಮೇಲೆ ಈ ಮೂರೂ ಬಣ್ಣದ ಮಚ್ಚೆಗಳು. ಹಾಳೆ ಮಡಿಸಿ ಬಸ್ಸಾದಾಗ ಕಿಟಕಿಯಲ್ಲಿ ಕೂತ ಹೆಂಗಸು, ಟೊಪ್ಪಿಗೆಯ ಗಂಡಸು, ಕೈ ಬೀಸುವ ಹುಡುಗ ಎಲ್ಲರೂ ಆಗಲೇ ತಮ್ಮ ಜಾಗ ಹಿಡಿದಿರುತ್ತಾರೆ, ಚಾಲಕನೂ ಚಕ್ರ ಹಿಡಿದು ಕೂತಿರುತ್ತಾನೆ. ಆಡುವ ಮಗು ಹತ್ತಿಸಬೇಕಾದವರು ಯಾರೂ ಉಳಿದಿಲ್ಲ. ಆ ಗಾಡಿಯ ಹೊಟ್ಟೆಯೊಳಗೆ ಜಾಗವಿಲ್ಲವೆಂದಲ್ಲ. ಅಲ್ಲಿ ಸ್ಪ್ರಿಂಗೊಂದು ಸುತ್ತಿಕೊಂಡಿದೆ. ಕೀಲಿಯನ್ನು ತಿರುವಿದಾಗ ಬಿಗಿಯಾಗುವ ಉಕ್ಕಿನ ಪಟ್ಟಿ ಬಿಚ್ಚಿಕೊಳ್ಳುತ್ತ ಹಲ್ಲಿನ ಗಾಲಿಗಳ ಸಾಲನ್ನು ತಿರುಗಿಸಿ ಹಿಂದಿನ ಅಚ್ಚಿಗೆ ಚಲನೆ ಕೊಡುತ್ತದೆ. ನೋಡುವವರಿಗೆ ಕಾಣುವುದು ಪೆಟ್ರೋಲಿನಿಂದಲೋ ಉಗಿಯಿಂದಲೋ ಓಡುವ ವಾಹನ, ಒಳಗಿರುವುದು ಗಡಿಯಾರ. ಈ ವಂಚನೆ ಆಟಿಕೆಗೆ ಅನಿವಾರ್ಯ, ಅದನ್ನು ತಪ್ಪೆನ್ನಲಾಗದು. ಆದರೆ ಮುಚ್ಚಿದ ಹೊಟ್ಟೆ, ಅಚ್ಚಾದ ಜನ, ತಾನಾಗಿ ಓಡುವ ಗಾಲಿ ಈ ಮೂರೂ ಕೂಡಿದಾಗ ಮಗುವಿನ ಪಾಲಿಗೆ ಉಳಿಯುವ ಕೆಲಸ ಕೀಲಿ ಕೊಡುವುದೊಂದೇ.

ಈ ಬಗೆಯ ಆಟಿಕೆಗಳಲ್ಲಿ ಅತ್ಯುತ್ತಮವಾದುದಕ್ಕೂ ಈ ಮಿತಿ ತಪ್ಪಿದ್ದಲ್ಲ. ಬ್ರಾಂಡೆನ್‌ಬರ್ಗಿನಲ್ಲಿ 1881ರಲ್ಲಿ ಸ್ಥಾಪನೆಯಾದ ಲೇಮನ್ ಕಂಪನಿ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಹೊರತಂದ ‘ಟುಟ್ ಟುಟ್’ ಎಂಬ ಮೋಟಾರು ಇದಕ್ಕೆ ಒಳ್ಳೆಯ ನಿದರ್ಶನ. ತೆರೆದ ಗಾಡಿಯಲ್ಲಿ ಬಿಳಿಯ ಉಡುಪಿನ ಮನುಷ್ಯನೊಬ್ಬ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಾನೆ. ಒಂದು ಕೈಯಲ್ಲಿ ಕಹಳೆ ಹಿಡಿದು ಬಾಯಿಗೆ ಇಟ್ಟುಕೊಂಡಿದ್ದಾನೆ. ಕೀಲಿ ಕೊಟ್ಟರೆ ಗಾಡಿ ಅಂಕುಡೊಂಕಾಗಿ ಸಾಗುತ್ತದೆ, ಒಳಗಿನ ಪುಟ್ಟ ತಿದಿ ಗಾಳಿಯೂದಿ ಕಹಳೆಯ ಸದ್ದು ಹೊರಡಿಸುತ್ತದೆ. ಮೋಟಾರು ಎಂದರೆ ಸಿರಿವಂತರ ಹುಚ್ಚು, ಅದರ ಮುಖ್ಯ ಕೆಲಸ ದಾರಿಹೋಕರನ್ನು ಬೆದರಿಸಿ ಬದಿಗೆ ಸರಿಸುವುದು ಎಂಬ ಆ ಕಾಲದ ಸಾಮಾನ್ಯರ ಅನಿಸಿಕೆಯನ್ನು ಇಷ್ಟು ಚುರುಕಾಗಿ ಹಿಡಿದ ಇನ್ನೊಂದು ವಸ್ತು ಸಿಗುವುದು ಕಷ್ಟ. ಇದು ಮೋಟಾರಿನ ಪ್ರತಿಕೃತಿಯಾಗಿರುವಷ್ಟೇ ಮೋಟಾರಿನವನ ಅಣಕವೂ ಹೌದು, ವಿಡಂಬನೆಯಾಗಿ ಇದರ ಬೆಲೆ ದೊಡ್ಡದು. ಆದರೂ ಕಹಳೆಯೂದುವವನನ್ನು ಇಳಿಸಿ ಬೇರೊಬ್ಬನನ್ನು ಕೂರಿಸುವಂತಿಲ್ಲ, ಅವನ ಪಕ್ಕದಲ್ಲಿ ಒಂದು ಗಂಟು ಇಡುವಂತಿಲ್ಲ. ತಯಾರಕ ಹೇಳಬೇಕಾದ ಹಾಸ್ಯವನ್ನೆಲ್ಲ ಹೇಳಿ ಮುಗಿಸಿದ್ದಾನೆ. ನೋಡುವವರು ನಗಬಹುದು, ಅದಕ್ಕೆ ಸೇರಿಸುವಂಥದ್ದು ಇಲ್ಲ.

ರೈಲಿನ ಆಟಿಕೆಗಳ ಸ್ಥಿತಿ ಇದಕ್ಕಿಂತ ಸಂಕೀರ್ಣವಾದುದು. 1859ರಲ್ಲಿ ಜರ್ಮನಿಯ ಗೊಯಿಪಿಂಗೆನ್ ಪಟ್ಟಣದಲ್ಲಿ ಗೊಂಬೆಮನೆಯ ಅಡಿಗೆ ಸಾಮಾನು ಮಾಡುತ್ತ ಆರಂಭವಾದ ಮರ್ಕ್ಲಿನ್ ಕಂಪನಿ, ಒಂದು ಗೊಂಬೆಮನೆ ಕೊಂಡವರು ವರ್ಷ ವರ್ಷವೂ ಅದಕ್ಕೆ ಪಾತ್ರೆ ಪಗಡ ಕೊಳ್ಳುವುದನ್ನು ಕಂಡಿತ್ತು. 1891ರ ಲೈಪ್‌ಜಿಗ್ ವ್ಯಾಪಾರ ಮೇಳದಲ್ಲಿ ಅದು ಅದೇ ತಿಳಿವಳಿಕೆಯನ್ನು ರೈಲಿಗೆ ಅನ್ವಯಿಸಿ, ಗೊತ್ತಾದ ಅಳತೆಯ ಹಳಿಗಳನ್ನೂ ಅವುಗಳ ಮೇಲೆ ಓಡುವ ಗಾಡಿಗಳನ್ನೂ ಒಂದು ವ್ಯವಸ್ಥೆಯಾಗಿ ಮಂಡಿಸಿತು. ಹಳಿಯ ಅಗಲಕ್ಕೆ ಸಂಖ್ಯೆ ಕೊಡುವ ಪದ್ಧತಿಯಲ್ಲಿ 45 ಮಿಲಿಮೀಟರಿನದು ಒಂದನೆಯ ಗೇಜ್, 32 ಮಿಲಿಮೀಟರಿನದು ಸೊನ್ನೆಯ ಗೇಜ್ ಎನಿಸಿಕೊಂಡವು. ಹಳಿ ಜೋಡಿಸುವುದು, ಕವಲು ತಿರುಗಿಸುವುದು, ನಿಲ್ದಾಣ ಹೂಡುವುದು ಮಗುವಿಗೆ ನಿಜವಾದ ಕೆಲಸ ಕೊಡುತ್ತವೆ ಎಂಬುದನ್ನು ಒಪ್ಪಬೇಕು. ಆದರೆ ಈ ಕೆಲಸದ ಪ್ರತಿಯೊಂದು ಮೆಟ್ಟಿಲೂ ಅಂಗಡಿಯ ಮೂಲಕವೇ ಹಾದುಹೋಗುತ್ತದೆ. ಕೊಂಡಷ್ಟು ಮಾತ್ರ ಲೋಕ ವಿಸ್ತರಿಸುತ್ತದೆ. ನ್ಯೂರೆಂಬರ್ಗಿನ ಬಿಂಗ್ ಸಹೋದರರ ಕಾರ್ಖಾನೆ, ಇಂಗ್ಲೆಂಡಿನ ನಾರ್ಥಾಂಪ್ಟನ್ನಿನ ವ್ಯಾಪಾರಿ ಬ್ಯಾಸೆಟ್-ಲೋಕ್ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಭೇಟಿಯಾದ ಮೇಲೆ, ಬ್ರಿಟಿಷ್ ರೈಲು ಕಂಪನಿಗಳ ಬಣ್ಣಗಳಲ್ಲಿ ಎಂಜಿನುಗಳನ್ನು ಮಾಡಿಕೊಟ್ಟಿತು. ಅಗ್ಗದ ದರ್ಜೆಗಳಲ್ಲಿ ಒಂದೇ ಅಚ್ಚಿನ ಎಂಜಿನು ಹಸಿರು ಬಣ್ಣದಲ್ಲಿ ಒಂದು ಕಂಪನಿಯದೂ ಕೆಂಪು ಬಣ್ಣದಲ್ಲಿ ಇನ್ನೊಂದರದೂ ಆಗಿ ಮಾರಾಟವಾಗುವುದು ಈ ಉದ್ಯಮದಲ್ಲಿ ಮಾಮೂಲಾಗಿತ್ತು. ಹೋಲಿಕೆಯನ್ನೇ ಹಿರಿಮೆಯೆಂದು ಎಣಿಸುವವರು ಮೆಚ್ಚುವ ನಿಷ್ಠೆ ಹಲವು ಸಲ ಹೀಗೆ ಮೇಲ್ಮೈಯ ಒಂದು ಪದರಕ್ಕೆ ಸೀಮಿತವಾದುದು.

ಮೇಲ್ಮೈಯನ್ನು ಹೀಗೆ ತಳ್ಳಿಹಾಕುವುದಕ್ಕೆ ಬಲವಾದ ಆಕ್ಷೇಪವೊಂದಿದೆ. ತಗಡಿನ ಮೇಲಿನ ಚಿತ್ರಗಳು ತಮ್ಮ ಕಾಲದ ಕನಸುಗಳ ದಾಖಲೆಗಳು. 1909ರಲ್ಲಿ ಬ್ಲೆರಿಯೊ ವಿಮಾನದಲ್ಲಿ ಇಂಗ್ಲಿಷ್ ಕಾಲುವೆಯನ್ನು ದಾಟಿದ್ದು, 1929ರಲ್ಲಿ ಗ್ರಾಫ್ ಜೆಪ್ಲಿನ್ ಎಂಬ ಅನಿಲ ನೌಕೆ ಭೂಮಿಯನ್ನು ಸುತ್ತಿದ್ದು ಇವೆಲ್ಲ ಆಟಿಕೆ ಅಂಗಡಿಗೆ ಇಳಿದುಬಂದ ಬಗೆಯಲ್ಲಿ, ತಂತ್ರಜ್ಞಾನವನ್ನು ಕುರಿತು ಜನಸಾಮಾನ್ಯರಲ್ಲಿದ್ದ ಬೆರಗು ಯಾವ ಎಂಜಿನಿಯರಿನ ನಕ್ಷೆಯಲ್ಲಿಯೂ ಸಿಗದಷ್ಟು ಸ್ಪಷ್ಟವಾಗಿ ಸಿಗುತ್ತದೆ. ಆಕ್ಷೇಪ ಸರಿಯೇ. ಇತಿಹಾಸಕಾರನಿಗೆ ಈ ಆಟಿಕೆಗಳು ಬೆಲೆಬಾಳುವ ಸಾಕ್ಷಿಗಳು. ಆದರೆ ಸಾಕ್ಷಿಯಾಗಿ ಬೆಲೆಬಾಳುವುದೂ ಆಟಿಕೆಯಾಗಿ ಬೆಲೆಬಾಳುವುದೂ ಬೇರೆ ಬೇರೆ. ಫ್ರಾನ್ಸಿನ ವಿಮರ್ಶಕ ರೋಲಾ ಬಾರ್ತ್ 1957ರ ತಮ್ಮ ‘ಮಿಥಾಲಜೀಸ್’ ಸಂಕಲನದಲ್ಲಿ ಆಟಿಕೆಗಳ ಬಗ್ಗೆ ಬರೆಯುತ್ತ, ದೊಡ್ಡವರ ಲೋಕವನ್ನು ಸಿದ್ಧರೂಪದಲ್ಲಿ ಕುಗ್ಗಿಸಿ ಕೊಡುವ ವಸ್ತುಗಳು ಮಗುವನ್ನು ಮಾಲೀಕನನ್ನಾಗಿ, ಬಳಕೆದಾರನನ್ನಾಗಿ ಮಾಡುತ್ತವೆಯೇ ಹೊರತು ನಿರ್ಮಾಪಕನನ್ನಾಗಿ ಮಾಡುವುದಿಲ್ಲ ಎಂಬ ಅರ್ಥದ ವಾದ ಹೂಡಿದ್ದರು. ಅವರು ಮರದ ಆಟಿಕೆಗಳ ಪರ ನಿಂತರು. ಆದರೆ ದೋಷ ವಸ್ತುವಿನಲ್ಲಿದೆಯೇ, ವಸ್ತುವನ್ನು ಮುಚ್ಚಿದ ರೀತಿಯಲ್ಲಿದೆಯೇ ಎಂಬುದನ್ನು ತಗಡಿನ ಉದಾಹರಣೆಗಳಿಂದಲೇ ಇನ್ನಷ್ಟು ಖಚಿತವಾಗಿ ಬೇರ್ಪಡಿಸಬಹುದು.

ಅದಕ್ಕೆ ಮೊದಲು ಈ ನೆಲದ ಹಳೆಯ ಪರಂಪರೆಯನ್ನು ನೆನೆಯುವುದು ಉಚಿತ. ವಾಹನದ ಆಟಿಕೆ ಕೈಗಾರಿಕಾ ಯುಗದ ಹೊಸ ಕಲ್ಪನೆಯಲ್ಲ. ಹರಪ್ಪ, ಮೊಹೆಂಜೊದಾರೊಗಳ ಅಗೆತದಲ್ಲಿ ಸುಟ್ಟ ಮಣ್ಣಿನ ಎತ್ತಿನ ಬಂಡಿಗಳು ಸಿಕ್ಕಿವೆ, ಚಾನ್ಹುದಾರೊದಲ್ಲಿ ಕಂಚಿನ ಪುಟ್ಟ ಬಂಡಿಗಳೂ ಸಿಕ್ಕಿವೆ. ಆಟಿಕೆ ಬಂಡಿಯ ಬಗೆಗಿನ ಅತ್ಯಂತ ಸೂಕ್ಷ್ಮವಾದ ಒಳನೋಟ ಶೂದ್ರಕನ ‘ಮೃಚ್ಛಕಟಿಕ’ ನಾಟಕದಲ್ಲಿದೆ. ಬಡವನಾದ ಚಾರುದತ್ತನ ಮಗ ರೋಹಸೇನ ನೆರೆಮನೆಯ ಹುಡುಗನ ಚಿನ್ನದ ಬಂಡಿಗಾಗಿ ಅಳುತ್ತಾನೆ, ಅವನಿಗೆ ಸಿಕ್ಕಿರುವುದು ಮಣ್ಣಿನ ಬಂಡಿ. ಆಗ ವಸಂತಸೇನೆ ತನ್ನ ಒಡವೆಗಳನ್ನು ಬಿಚ್ಚಿ ಆ ಮಣ್ಣಿನ ಬಂಡಿಗೆ ತುಂಬುತ್ತಾಳೆ. ಹುಡುಗನಿಗೆ ಅವಳು ಬೇರೆ ಬಂಡಿ ಕೊಡಿಸಲಿಲ್ಲ, ಇರುವ ಬಂಡಿಗೆ ಹೇರು ಕೊಟ್ಟಳು. ಮುಂದೆ ಆ ಒಡವೆಗಳೇ ಚಾರುದತ್ತನ ಮೇಲಿನ ಕೊಲೆಯ ಆರೋಪಕ್ಕೆ ಸಾಕ್ಷಿಯಾಗಿ ನಾಟಕವನ್ನು ತಿರುಗಿಸುತ್ತವೆ. ಮಣ್ಣಿನ ಬಂಡಿ ಅಷ್ಟೆಲ್ಲವನ್ನೂ ಹೊರಬಲ್ಲದ್ದಾದುದು ಅದಕ್ಕೆ ತೆರೆದ ಹೊಟ್ಟೆ ಇದ್ದುದರಿಂದ.

ಹಾವೇರಿ, ಧಾರವಾಡ ಸೀಮೆಯ ಮಕ್ಕಳು ಮಾಡಿಕೊಳ್ಳುವ ಜೋಳದ ದಂಟಿನ ಬಂಡಿ ಈ ಪರಂಪರೆಗೆ ಸೇರಿದ್ದು. ಒಣಗಿದ ದಂಟಿನ ಮೇಲಿನ ಗಟ್ಟಿ ಸಿಪ್ಪೆಯನ್ನು ಉದ್ದಕ್ಕೆ ಸೀಳಿ ತೆಗೆದರೆ ಒಳಗೆ ಹಗುರವಾದ ಬೆಂಡು ಉಳಿಯುತ್ತದೆ. ಬೆಂಡು ಮೆತ್ತಗಿದ್ದು ಚುಚ್ಚಿಸಿಕೊಳ್ಳುತ್ತದೆ, ಸಿಪ್ಪೆಯ ಸೀಳು ಬಿಗಿಯಾಗಿ ಮೊಳೆಯಾಗುತ್ತದೆ. ಒಂದೇ ದಂಟು ಮರವೂ ಆಗುತ್ತದೆ, ಮೊಳೆಯೂ ಆಗುತ್ತದೆ. ಎರಡು ಉದ್ದನೆಯ ತುಂಡುಗಳಿಗೆ ಅಡ್ಡ ಸೀಳುಗಳನ್ನು ಚುಚ್ಚಿದರೆ ಬಂಡಿಯ ಮೈ, ಗಟ್ಟಿ ದಂಟಿನ ತುಂಡೊಂದು ಅಚ್ಚು, ಬೆಂಡಿನ ಬಿಲ್ಲೆಗಳೋ ಹಳೆಯ ಚಪ್ಪಲಿಯ ಅಟ್ಟೆಯಿಂದ ಕೊಯ್ದ ದುಂಡುಗಳೋ ಗಾಲಿ, ಗಾಲಿ ಕಳಚದಂತೆ ತುದಿಗೆ ಚುಚ್ಚಿದ ಸೀಳೇ ಕಡಾಣಿ. ಜ್ಯೇಷ್ಠದ ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿದ ಎತ್ತುಗಳನ್ನು ಇಂಥ ಬಂಡಿಯ ನೊಗಕ್ಕೆ ಹೂಡಿದರೆ ಬೇಸಾಯದ ಲೋಕವೇ ಅಂಗಳಕ್ಕೆ ಇಳಿಯುತ್ತದೆ. ಈ ಬಂಡಿಗೆ ಬಣ್ಣವಿಲ್ಲ, ಬಾಳಿಕೆಯಿಲ್ಲ, ತಾನಾಗಿ ಓಡುವ ಶಕ್ತಿಯಿಲ್ಲ. ಆದರೆ ಅಚ್ಚು ನಡುವಿನಿಂದ ಸರಿದರೆ ಬಂಡಿ ಒಂದು ಕಡೆಗೆ ಎಳೆಯುತ್ತದೆ, ಹೇರು ಹಿಂದಕ್ಕೆ ಹೆಚ್ಚಾದರೆ ನೊಗ ಮೇಲಕ್ಕೇಳುತ್ತದೆ, ಕಡಾಣಿ ಬಿದ್ದರೆ ಗಾಲಿ ಕಳಚುತ್ತದೆ. ದೊಡ್ಡ ಚಕ್ಕಡಿಗೆ ಯಾವ ನಿಯಮವೋ ಪುಟ್ಟದಕ್ಕೂ ಅದೇ. ತಗಡಿನ ಮೋಟಾರು ಮೂಲದ ರೂಪವನ್ನು ಅನುಕರಿಸಿದರೆ, ದಂಟಿನ ಬಂಡಿ ಮೂಲದ ನಿಯಮಗಳನ್ನೇ ಪಾಲಿಸುತ್ತದೆ. ಮಗು ಅದಕ್ಕೆ ಮಣ್ಣು, ಕಲ್ಲು, ಹುಣಸೆ ಬೀಜ ಹೇರಿ ಸಂತೆಗೆ ಹೊರಟಾಗ ಆಟ ಶುರುವಾಗುತ್ತದೆ.

ತಗಡಿಗೆ ಇದು ಅಸಾಧ್ಯವಾಗಿತ್ತೇ ಎಂದರೆ ಅಲ್ಲ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ರಂಧ್ರಗಳಿರುವ ಲೋಹದ ಪಟ್ಟಿಗಳನ್ನು ನಟ್ಟು ಬೋಲ್ಟುಗಳಿಂದ ಜೋಡಿಸುವ ಆಟಿಕೆಗೆ 1901ರಲ್ಲಿ ಪೇಟೆಂಟ್ ಪಡೆದು, ಅದನ್ನು ಮುಂದೆ ಮೆಕಾನೊ ಎಂಬ ಹೆಸರಿನಿಂದ ಪ್ರಸಿದ್ಧಗೊಳಿಸಿದ್ದ. 1920ರಲ್ಲಿ ಅವನ ಕಂಪನಿ ಕೀಲಿಯ ರೈಲುಗಳನ್ನು ಹೊರತಂದಾಗ ಮೊದಲ ಮಾದರಿಗಳನ್ನು ಮೆಕಾನೊದಂತೆಯೇ ನಟ್ಟು ಬೋಲ್ಟುಗಳಿಂದ ಕಟ್ಟಲಾಗಿತ್ತು. ಹುಡುಗ ಎಂಜಿನನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಬಹುದಿತ್ತು. ಅದಕ್ಕಿಂತ ಮುಖ್ಯವಾದುದು ಹಾರ್ನ್‌ಬಿಯ ಸರಕು ವ್ಯಾಗನುಗಳು. ಮುಚ್ಚಿದ ವ್ಯಾಗನಿನ ಬಾಗಿಲು ತೆರೆಯುತ್ತಿತ್ತು, ತೆರೆದ ವ್ಯಾಗನಿನಲ್ಲಿ ಕಲ್ಲಿದ್ದಲಿನ ಹೆಸರಿನಲ್ಲಿ ಏನನ್ನಾದರೂ ತುಂಬಬಹುದಿತ್ತು. ಬಿಸ್ಕತ್ತು ಮತ್ತು ಎಣ್ಣೆ ಕಂಪನಿಗಳ ಹೆಸರು ಹೊತ್ತ ವ್ಯಾಗನುಗಳು ಜಾಹೀರಾತಿನ ಹಲಗೆಗಳೂ ಆಗಿದ್ದವೆಂಬುದು ನಿಜ, ಆದರೂ ಅವು ರೈಲು ಏಕೆ ಓಡುತ್ತದೆ ಎಂಬ ಪ್ರಶ್ನೆಗೆ ಉತ್ತರವನ್ನು ಆಟಿಕೆಯೊಳಗೆ ಇಟ್ಟವು. ಬರದ ಕಾಲದಲ್ಲಿ ಕಾಳು ಸಾಗಿಸಲೆಂದು ಹಾಕಿದ ಹಳಿಯ ಪಕ್ಕದ ಊರಿನಿಂದ ನೋಡಿದರೆ, ಥಳಥಳಿಸುವ ಎಕ್ಸ್‌ಪ್ರೆಸ್ ಎಂಜಿನಿಗಿಂತ ಈ ಸಾದಾ ವ್ಯಾಗನೇ ತನ್ನ ಕಾಲದ ಸಾರಿಗೆಯನ್ನು ಹೆಚ್ಚು ಪ್ರಾಮಾಣಿಕವಾಗಿ ಪ್ರತಿನಿಧಿಸುತ್ತದೆ.

ಮೋಟಾರಿನಲ್ಲಿಯೂ ಇಂಥ ಅಪವಾದವೊಂದು ಸಿಗುತ್ತದೆ. ನ್ಯೂರೆಂಬರ್ಗಿನ ಶುಕೊ ಕಂಪನಿ 1936ರಲ್ಲಿ ಹೊರತಂದ ‘ಎಗ್ಸಾಮಿಕೊ’ ಎಂಬ ಪುಟ್ಟ ಕಾರು ಬಿಎಂಡಬ್ಲ್ಯು ಕಂಪನಿಯ 328ನೆಯ ಮಾದರಿಯಿಂದ ಪ್ರೇರಿತವಾದುದು. ಅದರಲ್ಲಿ ಮುಂದಕ್ಕೆ ನಾಲ್ಕು ಗೇರು, ಹಿಂದಕ್ಕೊಂದು ಗೇರು, ಕ್ಲಚ್ಚು ಮತ್ತು ಕೈಬ್ರೇಕು ಇದ್ದವು. ಇಲ್ಲಿ ಚಾಲಕನ ಕೆಲಸವನ್ನು ಆಟಿಕೆ ಕಸಿದುಕೊಳ್ಳದೆ ಮಗುವಿಗೆ ಒಪ್ಪಿಸುತ್ತದೆ. ಹೇರು ಇಲ್ಲದಿದ್ದರೂ ನಡೆಸುವ ಕೆಲಸವಿದೆ. ಆದ್ದರಿಂದ ಇದು ಎರಡನೆಯ ಪಂಕ್ತಿಯ ಉತ್ತಮ ಆಟಿಕೆ. ಎರಡನೆಯ ಮಹಾಯುದ್ಧದ ನಂತರದ ಜಪಾನಿನ ಆಟಿಕೆಗಳಲ್ಲಿ ಈ ಗುಣ ಏರಿಳಿಯುತ್ತದೆ. 1945ರ ಡಿಸೆಂಬರಿನಲ್ಲಿ ಕೊಸುಗೆ ಮಾತ್ಸುಜೊ ಎಂಬ ಕುಶಲಕರ್ಮಿ ಎಸೆದ ಡಬ್ಬಿಗಳ ತಗಡಿನಿಂದ ಮಾಡಿದ ಜೀಪು ಕ್ಯೋಟೊ ನಗರದಲ್ಲಿ 10 ಯೆನ್ನಿಗೆ ಮಾರಾಟವಾಯಿತು. ಗೆದ್ದ ಸೈನ್ಯದ ವಾಹನವನ್ನು ಸೋತ ನಾಡಿನ ಕಸದಿಂದ ಕಟ್ಟಿದ ಆ ಜೀಪಿಗೆ ಸ್ಪ್ರಿಂಗಿನ ಯಂತ್ರವಿರಲಿಲ್ಲ, ಅದನ್ನು ತಳ್ಳುವುದು ಮಗುವಿನ ಕೈಯೇ. ಹತ್ತು ವರ್ಷ ಕಳೆಯುವುದರೊಳಗೆ ಅದೇ ಉದ್ಯಮ ಮಾರುಸಾನ್ ಕಂಪನಿಯ ಕ್ಯಾಡಿಲಾಕಿನಂಥ ಹೊಳೆಯುವ ಕಾರುಗಳಿಗೆ ಏರಿತು. ಸಂಗ್ರಾಹಕರ ಲೋಕದಲ್ಲಿ ಆ ಕ್ಯಾಡಿಲಾಕಿಗೆ ಇರುವ ಮನ್ನಣೆ ಅದರ ಉಬ್ಬುತಗ್ಗುಗಳ ಕುಸುರಿಗೆ ಸಲ್ಲತಕ್ಕದ್ದೇ. ಆಟದ ಲೆಕ್ಕದಲ್ಲಿ ಮಾತ್ರ ಕಸದ ಜೀಪು ಅದಕ್ಕಿಂತ ಮುಂದಿದೆ. ಬೂಟ್ ಪಾಲಿಶ್ ಡಬ್ಬಿಯ ಮುಚ್ಚಳಗಳನ್ನು ಗಾಲಿ ಮಾಡಿ, ಎಣ್ಣೆ ಡಬ್ಬಿಯನ್ನು ಅಡ್ಡ ಕೊಯ್ದು ಲಾರಿಯಾಗಿಸಿ, ದಾರ ಕಟ್ಟಿ ಬೀದಿಯಲ್ಲಿ ಎಳೆಯುವ ಮಕ್ಕಳು ಅರಿಯದೆಯೇ ಆ ಜೀಪಿನ ಸಂಪ್ರದಾಯಕ್ಕೆ ಸೇರಿದವರು.

ಭಾರತದ ಜಾತ್ರೆಗಳ ತಗಡಿನ ಆಟಿಕೆಗಳಲ್ಲಿ ಎಲ್ಲಕ್ಕಿಂತ ಎತ್ತರದ ಸ್ಥಾನ ಸಲ್ಲಬೇಕಾದುದು ಪಟಪಟ ಸದ್ದು ಮಾಡುತ್ತ ನೀರಿನ ಮೇಲೆ ಸಾಗುವ ಪುಟ್ಟ ಉಗಿದೋಣಿಗೆ. ತೋಮಾ ಪಿಯೊ ಎಂಬಾತ 1891ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದ ತತ್ವದ ಮೇಲೆ ಇದು ನಡೆಯುತ್ತದೆ. 1915ರಲ್ಲಿ ಅಮೆರಿಕದ ಚಾರ್ಲ್ಸ್ ಮ್ಯಾಕ್‌ಹ್ಯೂ ತೆಳು ತಗಡಿನ ಪೊರೆಯಿರುವ ಮಾದರಿಯ ಪೇಟೆಂಟಿಗೆ ಅರ್ಜಿ ಸಲ್ಲಿಸಿದ. ದೋಣಿಯ ಒಳಗೆ ಒಂದು ಚಪ್ಪಟೆ ಕುದಿಪೆಟ್ಟಿಗೆಯಿದೆ, ಅದರಿಂದ ಹಿಂಬದಿಗೆ ಎರಡು ಸಣ್ಣ ಕೊಳವೆಗಳು ನೀರಿನೊಳಕ್ಕೆ ಇಳಿದಿವೆ. ಮೊದಲು ಕೊಳವೆಗಳಿಗೆ ನೀರು ತುಂಬಬೇಕು. ಪುಟ್ಟ ತಗಡಿನ ತಟ್ಟೆಯಲ್ಲಿ ಎಣ್ಣೆ ಹಾಕಿ, ಬತ್ತಿ ಹೊತ್ತಿಸಿ, ಪೆಟ್ಟಿಗೆಯ ಕೆಳಗೆ ಸರಿಸಬೇಕು. ಕಾದ ನೀರು ಉಗಿಯಾಗಿ ಹಿಗ್ಗಿ ಕೊಳವೆಯಲ್ಲಿರುವ ನೀರನ್ನು ಹಿಂದಕ್ಕೆ ನೂಕುತ್ತದೆ, ದೋಣಿ ಮುಂದಕ್ಕೆ ಸರಿಯುತ್ತದೆ. ಉಗಿ ಕೊಳವೆಯ ತಂಪಿಗೆ ತಾಗಿ ಕುಗ್ಗಿದಾಗ ಹೊರಗಿನ ನೀರು ಮತ್ತೆ ಒಳಕ್ಕೆ ಬರುತ್ತದೆ. ಹೊರಹೋಗುವ ನೀರು ಒಂದೇ ದಿಕ್ಕಿಗೆ ಚಿಮ್ಮುತ್ತದೆ, ಒಳಬರುವ ನೀರು ಕೊಳವೆಯ ಬಾಯಿಯ ಸುತ್ತಲಿಂದಲೂ ಹೀರಿಕೊಳ್ಳಲ್ಪಡುತ್ತದೆ. ಆದ್ದರಿಂದ ದೋಣಿ ಹಿಂದಕ್ಕೆ ಬಾರದೆ ಮುಂದಕ್ಕೇ ಹೋಗುತ್ತದೆ. ಈ ಉಸಿರಾಟಕ್ಕೆ ಪೆಟ್ಟಿಗೆಯ ಮೇಲಿನ ತೆಳು ತಗಡು ಉಬ್ಬಿ ತಗ್ಗುವುದೇ ಆ ಪಟಪಟ ಸದ್ದು.

ಇದರ ಹಿರಿಮೆ ಎರಡು ಬಗೆಯದು. ಮೊದಲನೆಯದಾಗಿ, ಉಗಿಯ ಹಡಗನ್ನು ನಟಿಸುವ ಬದಲು ಇದು ನಿಜವಾಗಿಯೂ ಉಗಿಯಿಂದಲೇ ನಡೆಯುತ್ತದೆ. ಹೊರಗೆ ಕಾಣುವುದಕ್ಕೂ ಒಳಗೆ ನಡೆಯುವುದಕ್ಕೂ ಇಲ್ಲಿ ಬಿರುಕಿಲ್ಲ. ಎರಡನೆಯದಾಗಿ, ನೀರು, ಎಣ್ಣೆ, ಬೆಂಕಿ ಮೂರನ್ನೂ ಮಗುವೇ ಹೇರಬೇಕು. ನೀರು ತುಂಬದಿದ್ದರೆ ದೋಣಿ ಕದಲದು, ಬತ್ತಿ ದೊಡ್ಡದಾದರೆ ಮಸಿ ಹಿಡಿಯುತ್ತದೆ, ಕೊಳವೆಯಲ್ಲಿ ಕಸ ಸಿಕ್ಕರೆ ಸದ್ದು ನಿಲ್ಲುತ್ತದೆ. ಹೀಗೆ ಪ್ರತಿ ಸೋಲೂ ಕಾರಣವನ್ನು ಹುಡುಕಿಸುತ್ತದೆ. ಕಸದಿಂದ ವಿಜ್ಞಾನದ ಆಟಿಕೆ ಮಾಡುವುದನ್ನು ದೇಶದಾದ್ಯಂತ ಕಲಿಸಿದ ಅರವಿಂದ ಗುಪ್ತಾ ಅವರು ಪ್ರಚಾರಕ್ಕೆ ತಂದ ಮಾದರಿಗಳಲ್ಲಿ ಇಂಥ ದೋಣಿಯೂ ಇದೆ ಎಂಬುದು ಆಕಸ್ಮಿಕವಲ್ಲ. ಬೆಲೆಯ ಏಣಿಯಲ್ಲಿ ಕೆಳಗಿನ ಮೆಟ್ಟಿಲಿನಲ್ಲಿರುವ, ಬೆಂಡು ಬತ್ತಾಸಿನ ಅಂಗಡಿಯ ಪಕ್ಕದಲ್ಲಿ ಹರವಿಟ್ಟು ಮಾರುವ ಈ ವಸ್ತು ಗುಣದ ಏಣಿಯಲ್ಲಿ ಲೇಮನ್ನಿನ ಮೋಟಾರಿಗಿಂತ ಮೇಲಿದೆ.

ದೋಷಗಳನ್ನು ಮರೆಮಾಚಬೇಕಾಗಿಲ್ಲ. ತಗಡಿನ ಅಂಚು ಕೈ ಕೊಯ್ಯುತ್ತದೆ, ಹಳೆಯ ಬಣ್ಣಗಳಲ್ಲಿ ಸೀಸವಿರುತ್ತಿತ್ತು, ದೋಣಿಯ ಬೆಂಕಿ ಚಿಕ್ಕ ಮಕ್ಕಳಿಗೆ ಅಪಾಯ. ಪ್ಲಾಸ್ಟಿಕ್ ಆಟಿಕೆಗಳು 1960ರ ದಶಕದಿಂದ ತಗಡನ್ನು ಹಿಂದಕ್ಕೆ ತಳ್ಳಿದ್ದಕ್ಕೆ ಅಗ್ಗದ ಜೊತೆಗೆ ಇವೂ ಕಾರಣಗಳು. 2021ರ ಜನವರಿ 1ರಿಂದ ಭಾರತದಲ್ಲಿ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾಗಿರುವುದು ಈ ದೃಷ್ಟಿಯಿಂದ ಸ್ವಾಗತಾರ್ಹ. ಆದರೆ ಸುರಕ್ಷತೆಯ ಪರೀಕ್ಷೆಯಲ್ಲಿ ಗೆದ್ದ ಇಂದಿನ ಬ್ಯಾಟರಿ ಕಾರು, ಬಣ್ಣದ ಕಿಟಕಿ, ಮುಚ್ಚಿದ ಹೊಟ್ಟೆ, ತಾನಾಗಿ ಓಡುವ ಗಾಲಿ ಎಂಬ ತಗಡಿನ ಮೂರು ದೌರ್ಬಲ್ಯಗಳನ್ನೂ ಹಾಗೆಯೇ ಉಳಿಸಿಕೊಂಡಿದೆ. ಮರವೊಂದೇ ಇದಕ್ಕೆ ಪರಿಹಾರವೂ ಅಲ್ಲ. ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿ ಮಾಡುವ ಚನ್ನಪಟ್ಟಣದ ಆಟಿಕೆಗಳಲ್ಲಿ ನುಣುಪೂ ನಿರಪಾಯವೂ ಇವೆ. ಆದರೆ ಅಲ್ಲಿಯೂ ಡಬ್ಬಿಗಳನ್ನು ಬಿಡಿಸಿ ಜೋಡಿಸಬಹುದಾದ ರೈಲು ಒಂದು ಬಗೆಯದು, ಒಂದೇ ಗಟ್ಟಿಯಾಗಿ ಕಡೆದ ಕಾರು ಇನ್ನೊಂದು ಬಗೆಯದು. ಬಾರ್ತ್ ವಸ್ತುವಿಗೆ ಹೊರಿಸಿದ ಗುಣದೋಷಗಳು ವಾಸ್ತವವಾಗಿ ವಿನ್ಯಾಸಕ್ಕೆ ಸೇರಿದವು.

ಸಂಗ್ರಾಹಕರ ಮಾರುಕಟ್ಟೆ ಈ ವಿವೇಚನೆಗೆ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತದೆ. ಅಲ್ಲಿ ಅತಿ ಹೆಚ್ಚು ಬೆಲೆ ಬರುವುದು ಪೆಟ್ಟಿಗೆಯಿಂದ ಹೊರಬರದ, ಕೀಲಿ ಕೊಡದ, ಯಾವ ಮಗುವಿನ ಕೈಯೂ ತಾಗದ ಆಟಿಕೆಗೆ. ಎಂದರೆ ಆಟಿಕೆಯಾಗಿ ವಿಫಲವಾದುದಕ್ಕೆ. ವಸ್ತುಸಂಗ್ರಹಾಲಯಗಳು ಈ ರೂಢಿಯನ್ನು ಮುರಿಯಬಹುದು. 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯವೂ 2020ರಲ್ಲಿ ತೆರೆದ ಹುಬ್ಬಳ್ಳಿಯದೂ ನಿಜವಾದ ಎಂಜಿನು ಬೋಗಿಗಳನ್ನು ಕಾಪಾಡಿವೆ. ಅಂಥ ಜಾಗಗಳಲ್ಲಿ ಆಟಿಕೆಗಳಿಗೂ ಒಂದು ಕಪಾಟು ಬಂದರೆ, ಜೋಳದ ದಂಟಿನ ಬಂಡಿ, ಡಬ್ಬಿಯ ಲಾರಿ, ಉಗಿದೋಣಿಗಳು ಜರ್ಮನಿಯ ಎಂಜಿನಿನ ಪಕ್ಕದಲ್ಲಿಯೇ ನಿಲ್ಲಬೇಕು. ಮಕ್ಕಳು ಮುಟ್ಟಿ, ತುಂಬಿ, ಎಳೆದು ನೋಡಲು ಅವುಗಳ ಇನ್ನೊಂದು ಪ್ರತಿ ಹೊರಗಿನ ಮೇಜಿನ ಮೇಲಿರಬೇಕು. ದಂಟಿನ ಬಂಡಿ ಒಂದು ಮಳೆಗಾಲ ಬಾಳದು, ಅದಕ್ಕೆ ತಗಡಿನ ಗಟ್ಟಿತನವಾಗಲಿ ಯಂತ್ರದ ಬೆರಗಾಗಲಿ ಇಲ್ಲ. ತಗಡಿನ ಮೋಟಾರಿಗೆ ಅವೆರಡೂ ಇದ್ದರೂ ತೆರೆದ ಹೊಟ್ಟೆಯಿಲ್ಲ. ಇವೆರಡನ್ನೂ ಒಂದುಗೂಡಿಸಿದ ಹಾರ್ನ್‌ಬಿಯ ವ್ಯಾಗನು, ಜಾತ್ರೆಯ ದೋಣಿಗಳಂಥವು ಆ ನೂರು ವರ್ಷಗಳ ರಾಶಿಯಲ್ಲಿ ಕಡಿಮೆಯೇ ಸಿಗುತ್ತವೆ. ಪ್ಲಾಸ್ಟಿಕ್ಕಿನಲ್ಲಾಗಲಿ ಮರದಲ್ಲಾಗಲಿ ಮುಂದೆ ವಾಹನದ ಆಟಿಕೆ ಮಾಡುವವರು ಕಲಿಯಬೇಕಾದದ್ದು ಅವುಗಳಿಂದ. ಮೋಟಾರಿನ ಹೊಳಪಿನಿಂದ ಕಲಿತದ್ದು ಈಗಾಗಲೇ ಸಾಕಷ್ಟಾಗಿದೆ.